ಟೊಮೇಟೊ ಹಣ್ಣೋ, ತರಕಾರಿಯೋ? ಕೋರ್ಟ್ ಮೆಟ್ಟಿಲೇರಿದ್ದ ಪ್ರಶ್ನೆಗೆ ಉತ್ತರ ಇಲ್ಲಿದೆ

ಮೈಸೂರಿನ ಮಾರುಕಟ್ಟೆಯಲ್ಲಿ 'ಟೊಮೇಟೊ ಹಣ್ಣು ಕೆಜಿಗೆ ಎಷ್ಟು?' ಎಂದು ಕೇಳಿ ಕೊಂಡವರು ಮನೆಗೆ ಬಂದು ಅದನ್ನು ಇಡುವುದು ತರಕಾರಿ ಬುಟ್ಟಿಯಲ್ಲಿ. ಹುಣಸೆಹಣ್ಣು ಹೆಸರಿಗೆ ಹಣ್ಣು, ಸೇರುವುದು ಸಾರಿಗೆ. ಸೀಬೆಕಾಯಿ ಹೆಸರಿಗೆ ಕಾಯಿ, ತಿನ್ನುವುದು ಹಣ್ಣಿನಂತೆ. ಹಾಗಾದರೆ ಹಣ್ಣು ಯಾವುದು, ತರಕಾರಿ ಯಾವುದು? ಉತ್ತರ ಹೇಳುವವರು ಯಾರು ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ. ಸಸ್ಯಶಾಸ್ತ್ರದ್ದು ಒಂದು ಲೆಕ್ಕ, ಅಡುಗೆಮನೆಯದ್ದು ಇನ್ನೊಂದು. ತೆರಿಗೆ ಇಲಾಖೆಯ ವಿಷಯಕ್ಕೆ ಬಂದರೆ ದುಡ್ಡಿನ ಪ್ರಶ್ನೆ. ಹಾಗಾಗಿಯೇ ಈ ಜಗಳ ಕೋರ್ಟಿನವರೆಗೂ ಹೋಗಿದೆ.

ಸಸ್ಯಶಾಸ್ತ್ರದ ಉತ್ತರ ಸರಳ. ಹೂವಿನ ಅಂಡಾಶಯ ಬೆಳೆದು, ಒಳಗೆ ಬೀಜ ಇಟ್ಟುಕೊಂಡು ರೂಪುಗೊಳ್ಳುವ ಭಾಗವೇ ಹಣ್ಣು. ಸಿಹಿ ಇರಬೇಕೆಂಬ ನಿಯಮವೇನೂ ಇಲ್ಲ. ಈ ಪ್ರಕಾರ ಬದನೆ, ಬೆಂಡೆ, ಸೌತೆ, ಹೀರೆ, ಕುಂಬಳ, ನುಗ್ಗೆ, ಹುರುಳಿಕಾಯಿ, ಹಸಿಮೆಣಸಿನಕಾಯಿ ಎಲ್ಲವೂ ಹಣ್ಣುಗಳೇ. ಹಾಗಲಕಾಯಿ ಕೂಡ! 'ತರಕಾರಿ' ಎಂಬ ವರ್ಗ ಸಸ್ಯಶಾಸ್ತ್ರದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಇರುವುದು ಗಿಡದ ಭಾಗಗಳು ಮಾತ್ರ. ಮೂಲಂಗಿ, ಕ್ಯಾರೆಟ್ ಬೇರು. ಮೆಂತ್ಯ, ಪಾಲಕ್, ಹರಿವೆ ಎಲೆ. ಹೂಕೋಸು ಅರಳದ ಹೂ. ಆಲೂಗಡ್ಡೆ ಮಣ್ಣಿನೊಳಗೆ ಉಬ್ಬಿದ ಕಾಂಡ. ಅಣಬೆಯಂತೂ ಗಿಡವೇ ಅಲ್ಲ, ಅದು ಶಿಲೀಂಧ್ರ.

ಹಣ್ಣು ಎಂದು ಕರೆಯುವುದೆಲ್ಲ ಹಣ್ಣಾಗಿರಬೇಕೆಂದೂ ಇಲ್ಲ. ಕರಾವಳಿಯ ಗೇರುಹಣ್ಣನ್ನೇ ನೋಡಿ. ರಸ ತುಂಬಿದ ಕೆಂಪು, ಹಳದಿ ಭಾಗ ನಿಜವಾಗಿ ಉಬ್ಬಿದ ತೊಟ್ಟು. ಅದರ ತುದಿಯಲ್ಲಿ ನೇತಾಡುವ, ಬೀಜ ಎಂದು ಕರೆಸಿಕೊಳ್ಳುವ ಭಾಗವೇ ಅಸಲಿ ಹಣ್ಣು. ಸ್ಟ್ರಾಬೆರಿಯ ಕಥೆಯೂ ಇದೇ. ಮೇಲೆ ಅಂಟಿರುವ ಸಣ್ಣ ಸಣ್ಣ ಕಾಳುಗಳೇ ಅದರ ಹಣ್ಣುಗಳು.

ಕನ್ನಡದ ಲೆಕ್ಕವೇ ಬೇರೆ

ಕನ್ನಡ ನುಡಿ ಈ ವಿಷಯವನ್ನು ಇನ್ನೊಂದು ದಾರಿಯಿಂದ ನೋಡಿದೆ. ಇಲ್ಲಿ ಮುಖ್ಯವಾಗುವುದು ಮಾಗುವಿಕೆ. ಒಂದೇ ಗೊನೆ ಇವತ್ತು ಬಾಳೆಕಾಯಿ, ನಾಲ್ಕು ದಿನ ಬಿಟ್ಟರೆ ಬಾಳೆಹಣ್ಣು. ಮೊದಲನೆಯದು ಪಲ್ಯಕ್ಕೆ, ಎರಡನೆಯದು ಬಾಯಿಗೆ. ಮಾವು, ಪಪ್ಪಾಯಿ, ಹಲಸಿಗೂ ಇದೇ ರೀತಿ. ಎಳೆ ಹಲಸಿಗೆ ಕರಾವಳಿಯಲ್ಲಿ ಗುಜ್ಜೆ ಎಂಬ ಪ್ರತ್ಯೇಕ ಹೆಸರೇ ಇದೆ. ಚೆನ್ನೈ, ಹೈದರಾಬಾದ್‌ನಲ್ಲಿರುವ ಕನ್ನಡಿಗರಿಗೆ ಇದು ಹೊಸದಲ್ಲ. ತಮಿಳಿನ 'ಕಾಯ್', 'ಪಳಂ', ತೆಲುಗಿನ 'ಕಾಯ', 'ಪಂಡು' ಕೂಡ ಇದೇ ಜೋಡಿ. ದೆಹಲಿಯ ಮಂಡಿಯಲ್ಲಿ ಮಾತ್ರ 'ಕಚ್ಚಾ ಕೇಲಾ' ಎಂದು ಎರಡು ಪದ ಖರ್ಚು ಮಾಡಬೇಕು.

ಈ ಹೆಸರುಗಳ ಹಿಂದೆ ವಿಜ್ಞಾನವೂ ಇದೆ. ಬಾಳೆಕಾಯಿಯಲ್ಲಿ ಹೆಚ್ಚಿರುವುದು ಪಿಷ್ಟ. ಮಾಗುತ್ತಾ ಹೋದಂತೆ ಅದರ ಬಹುಪಾಲು ಸಕ್ಕರೆಯಾಗಿ ಬದಲಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಕಾಯಿ ಮತ್ತು ಹಣ್ಣಿನ ವ್ಯತ್ಯಾಸ ಬರೀ ಹೆಸರಿನದ್ದಲ್ಲ. ಆದರೆ ಭಾಷೆ ತನ್ನ ನಿಯಮವನ್ನು ತಾನೇ ಮುರಿಯುತ್ತದೆ. ಪೂರ್ತಿ ಬಲಿತು ಒಳಗೆಲ್ಲ ಕೇಸರಿ ಬಣ್ಣಕ್ಕೆ ತಿರುಗಿದರೂ ಸಿಹಿಗುಂಬಳ ಕುಂಬಳಕಾಯಿಯೇ.

ಹತ್ತು ಪರ್ಸೆಂಟ್ ಸುಂಕಕ್ಕಾಗಿ ಕೋರ್ಟಿಗೆ

ಅಮೆರಿಕದಲ್ಲಿ 1883ರ ಸುಂಕ ಕಾಯ್ದೆ ಆಮದು ತರಕಾರಿಗೆ ಶೇ. 10 ಸುಂಕ ಹಾಕಿತ್ತು, ಹಣ್ಣಿಗೆ ವಿನಾಯಿತಿ ಇತ್ತು. ವೆಸ್ಟ್ ಇಂಡೀಸ್‌ನಿಂದ ಟೊಮೇಟೊ ತರಿಸುತ್ತಿದ್ದ ನ್ಯೂಯಾರ್ಕ್‌ನ ನಿಕ್ಸ್ ಕುಟುಂಬದ ವರ್ತಕರು, ಟೊಮೇಟೊ ಹಣ್ಣು, ಕಟ್ಟಿದ ಸುಂಕ ವಾಪಸ್ ಕೊಡಿ ಎಂದು ಬಂದರಿನ ಸುಂಕಾಧಿಕಾರಿ ಹೆಡನ್ ವಿರುದ್ಧ ದಾವೆ ಹೂಡಿದರು. ವಿಚಾರಣೆಯಲ್ಲಿ ನಿಘಂಟುಗಳನ್ನು ತೆರೆದು ಓದಲಾಯಿತು. 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸಸ್ಯಶಾಸ್ತ್ರದಲ್ಲಿ ಟೊಮೇಟೊ ಹಣ್ಣೇ ಎಂದು ಕೋರ್ಟ್ ಒಪ್ಪಿತು. ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆಯೇ ಹೊರತು ಊಟ ಮುಗಿದ ಮೇಲಿನ ಸಿಹಿಯಾಗಿ ಅಲ್ಲ, ಹಾಗಾಗಿ ಅದು ತರಕಾರಿ ಎಂದಿತು. ವರ್ತಕರಿಗೆ ದುಡ್ಡು ಸಿಗಲಿಲ್ಲ.

ಭಾರತದಲ್ಲಿ ಇದೇ ತರದ ಪ್ರಕರಣ ನಡೆದದ್ದು ವೀಳ್ಯದೆಲೆಗಾಗಿ. ಮಹಾರಾಷ್ಟ್ರದ ಅಕೋಲಾದ ವ್ಯಾಪಾರಿಯೊಬ್ಬರು, ವೀಳ್ಯದೆಲೆಯೂ ತರಕಾರಿಯೇ, ಮಾರಾಟ ತೆರಿಗೆ ಬೇಡ ಎಂದು ವಾದಿಸಿದ್ದರು. ಮನೆಯ ಕೈತೋಟದಲ್ಲಿ ಬೆಳೆದು ಊಟಕ್ಕೆ ಬಳಸುವುದನ್ನೇ ಜನ ತರಕಾರಿ ಎನ್ನುತ್ತಾರೆ, ವೀಳ್ಯದೆಲೆ ಅದರಲ್ಲಿ ಬರುವುದಿಲ್ಲ ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಬಿಹಾರದ ಪ್ರಕರಣದಲ್ಲಿ ಕಬ್ಬಿಗೂ ಇದೇ ಗತಿಯಾಯಿತು. ಎರಡೂ ಕಡೆ ಗೆದ್ದಿದ್ದು ಪುಸ್ತಕದ ಅರ್ಥವಲ್ಲ, ಸಂತೆಯ ಮಾತು.

ಯುರೋಪ್ ಒಕ್ಕೂಟದ ದಾರಿ ಇನ್ನೂ ಮಜವಾಗಿದೆ. ಜಾಮ್ ಎಂದರೆ ಹಣ್ಣಿನಿಂದಲೇ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಪೋರ್ಚುಗಲ್‌ನಲ್ಲಿ ಕ್ಯಾರೆಟ್ ಜಾಮ್ ಮಾಡುವ ರೂಢಿ ಇದೆ. ಹಾಗಾಗಿ ಜಾಮ್ ಮಟ್ಟಿಗೆ ಕ್ಯಾರೆಟ್ ಕೂಡ ಹಣ್ಣು ಎಂದು ಕಾನೂನಿನಲ್ಲೇ ಬರೆಯಲಾಗಿದೆ!

ಭಾರತದಲ್ಲಿ ಈಗ ತಾಜಾ ಹಣ್ಣು, ತಾಜಾ ತರಕಾರಿ ಎರಡಕ್ಕೂ ಜಿಎಸ್‌ಟಿ ಇಲ್ಲದ ಕಾರಣ ಈ ಜಗಳ ತಣ್ಣಗಾಗಿದೆ. ಆದರೂ ಸುಂಕದ ಪಟ್ಟಿಯಲ್ಲಿ ಟೊಮೇಟೊ ಇರುವುದು 7ನೇ ಅಧ್ಯಾಯದಲ್ಲಿ, ತರಕಾರಿಗಳ ಜೊತೆ. ಬಾಳೆ 8ನೇ ಅಧ್ಯಾಯದಲ್ಲಿ, ಹಣ್ಣುಗಳ ಜೊತೆ. ಪಲ್ಯದ ಬಾಳೆಕಾಯಿಗೂ ಅಲ್ಲೇ ಜಾಗ.

ತಟ್ಟೆಯಲ್ಲಿ ಎಷ್ಟಿರಬೇಕು?

ಆರೋಗ್ಯದ ದೃಷ್ಟಿಯಿಂದ ಸಸ್ಯಶಾಸ್ತ್ರದ ವಿಂಗಡಣೆಗಿಂತ ಅಡುಗೆಮನೆಯ ವಿಂಗಡಣೆಯೇ ಉಪಯೋಗಕ್ಕೆ ಬರುತ್ತದೆ. ಹಣ್ಣಿನಲ್ಲಿ ಸಾಮಾನ್ಯವಾಗಿ ಸಕ್ಕರೆ ಜಾಸ್ತಿ, ತರಕಾರಿಯಲ್ಲಿ ಕಡಿಮೆ. ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ (ಎನ್‌ಐಎನ್) 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ, ದಿನಕ್ಕೆ 2,000 ಕ್ಯಾಲೊರಿಯ ಊಟದಲ್ಲಿ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಲಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎರಡೂ ಸೇರಿ ಕನಿಷ್ಠ 400 ಗ್ರಾಂ ಎಂದಿದೆ. ಆದರೆ ಪಿಷ್ಟವೇ ಹೆಚ್ಚಿರುವ ಆಲೂಗಡ್ಡೆ, ಗೆಣಸನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮುಂಬೈನ ವಡಾಪಾವ್ ಪ್ರಿಯರು ವಡೆಯೊಳಗಿನ ಆಲೂಗಡ್ಡೆಯನ್ನು ತರಕಾರಿ ಎಂದು ಲೆಕ್ಕ ಹಾಕುವಂತಿಲ್ಲ.