ಗೋಡೆಯಿಲ್ಲದ ಜೂಜುಕಟ್ಟೆ

“ಕುಡಿತವಿಲ್ಲ, ಕೆಟ್ಟ ಸಹವಾಸವಿಲ್ಲ, ಸಂಜೆ ಆರಕ್ಕೆಲ್ಲ ಮನೆಯಲ್ಲೇ ಇರುತ್ತಿದ್ದ, ಸ್ವಾಮಿ.” ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಗುರುಮನೆಯ ಜಗಲಿಯಲ್ಲಿ ಕುಳಿತು ಹೇಳಿದ ಮಾತಿದು. ಮಗಳ ಮದುವೆಗೆಂದು ಕೂಡಿಟ್ಟಿದ್ದ ಹಣ ಮಗನ ಮೊಬೈಲಿನ ರಮ್ಮಿ ಆಟದಲ್ಲಿ ಕರಗಿಹೋಗಿತ್ತು. ಹಣ ಹೋದ ದುಃಖಕ್ಕಿಂತಲೂ, ಪಕ್ಕದ ಕೋಣೆಯಲ್ಲಿ ನಡೆದದ್ದು ತಮಗೆ ತಿಳಿಯಲಿಲ್ಲವಲ್ಲ ಎಂಬ ಸಂಕಟವೇ ಆಕೆಯನ್ನು ಹೆಚ್ಚು ಸುಡುತ್ತಿತ್ತು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಜೂಜಿನ ಚರಿತ್ರೆಯನ್ನು ಓದುತ್ತ ಹೋದಂತೆ, ಆಕೆಯ ಮಾತಿನಲ್ಲೇ ಒಂದು ಸುಳಿವಿದೆಯೆಂದು ನನಗೆ ತೋರಿತು. ಹಿಂದೆ ಜೂಜಾಡಬೇಕಾದರೆ ಮನುಷ್ಯನು ಮನೆಯಿಂದ ಹೊರಡಬೇಕಿತ್ತು.

ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವು ಜೂಜುಗಾರನೊಬ್ಬನ ಅಳಲು. ಅಲ್ಲಿಯೂ ಪತ್ನಿ ಕೊರಗುತ್ತಾಳೆ, ತಾಯಿ ಅಲೆಮಾರಿಯಾದ ಮಗನಿಗಾಗಿ ಮರುಗುತ್ತಾಳೆ. ಆದರೆ ಆತ ಆಡುವುದು ಊರಿನ ಸಭೆಯಲ್ಲಿ. ಪಂಪ ಮತ್ತು ಕುಮಾರವ್ಯಾಸರ ಮೂಲಕ ನಾವು ಬಲ್ಲ ಹಸ್ತಿನಾವತಿಯ ದ್ಯೂತವೂ ಸಭಾಮಧ್ಯದಲ್ಲಿಯೇ ನಡೆಯಿತು; ಹಿರಿಯರೆಲ್ಲರೂ ಎದುರಿಗೇ ಇದ್ದರು. ತಡೆಯಲಿಲ್ಲವೆಂಬುದು ಬೇರೆ ಮಾತು. ಕೌಟಿಲ್ಯನ ಅರ್ಥಶಾಸ್ತ್ರವಂತೂ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಜೂಜು ಒಂದೇ ಗೊತ್ತಾದ ಸ್ಥಳದಲ್ಲಿ ನಡೆಯತಕ್ಕದ್ದೆಂದೂ ಬೇರೆಡೆ ಆಡಿದವನಿಗೆ 12 ಪಣ ದಂಡವೆಂದೂ ವಿಧಿಸುತ್ತದೆ. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನಿಗೆ. ರಾಜ್ಯಕ್ಕೆ ಜೂಜಿನ ಭಯವೂ ಉಂಟು, ಅದರ ಆದಾಯದ ಆಸೆಯೂ ಉಂಟು ಎಂಬುದು ಹಳೆಯ ಕಥೆಯೇ.

ಬ್ರಿಟಿಷರು 1867ರಲ್ಲಿ ತಂದ ಸಾರ್ವಜನಿಕ ಜೂಜು ಕಾಯಿದೆಯೂ ಮುಖ್ಯವಾಗಿ ಸ್ಥಳದ ಮೇಲೆಯೇ ಕಣ್ಣಿಟ್ಟಿತು. ಮನೆ, ಗೋಡೆಯಿಂದಾವೃತವಾದ ಆವರಣ, ಕೋಣೆ: ಇಂಥ ಕಡೆ ಲಾಭಕ್ಕಾಗಿ ಇಸ್ಪೀಟು, ದಾಳಗಳನ್ನಿಟ್ಟು ಆಡಿಸಿದರೆ ಅದು ಜೂಜುಕಟ್ಟೆ. ಪೋಲೀಸರು ಬಾಗಿಲು ಬಡಿದು ಒಳನುಗ್ಗಬಹುದಾಗಿತ್ತು. ಬಡಿಯಲು ಬಾಗಿಲೇ ಇಲ್ಲದಿದ್ದರೆ?

ಈ ಪ್ರಶ್ನೆ ಮೊಬೈಲಿಗಿಂತ ಬಹಳ ಹಳೆಯದು. ಅದರ ಒಂದು ಎಳೆ ನಮ್ಮ ಬೆಂಗಳೂರಿನಲ್ಲೇ ಇದೆ. 1950ರ ದಶಕದ ಆರಂಭದಲ್ಲಿ ಇಲ್ಲಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಪ್ರಕಟವಾಗುತ್ತಿತ್ತು. ಅದರಲ್ಲಿ ಬಹುಮಾನದ ಪದಬಂಧ ಸ್ಪರ್ಧೆ. ಪ್ರವೇಶಧನ ಕಟ್ಟಿ ಉತ್ತರ ಕಳುಹಿಸಬೇಕು. ನೋಡುವುದಕ್ಕೆ ಬುದ್ಧಿಯ ಆಟ. ಆದರೆ ಒಂದು ಸುಳಿವಿಗೆ ಒಂದಕ್ಕಿಂತ ಹೆಚ್ಚು ಪದಗಳು ಹೊಂದುತ್ತಿದ್ದವು. ಸಂಪಾದಕರ ಬಳಿ ಮೊಹರು ಮಾಡಿಟ್ಟಿದ್ದ ಉತ್ತರಕ್ಕೆ ಯಾವುದು ತಾಳೆಯಾಗುವುದೋ ಅದೇ ಸರಿ. ಅಚ್ಚಾಗುವುದು ಮೈಸೂರು ರಾಜ್ಯದಲ್ಲಿ, ಆಡುವವರಲ್ಲಿ ಬಹುಮಂದಿ ಮುಂಬಯಿ ರಾಜ್ಯದಲ್ಲಿ. ಅಲ್ಲಿ ಹಣ ಸಂಗ್ರಹಿಸಲು ಸ್ಥಳೀಯ ಪ್ರತಿನಿಧಿಗಳು. ಹೊರರಾಜ್ಯದ ಪತ್ರಿಕೆಗಳೂ ತೆರಿಗೆಗೆ ಒಳಪಡುವಂತೆ ಮುಂಬಯಿ ಸರಕಾರ 1952ರಲ್ಲಿ ಕಾಯಿದೆಯನ್ನು ತಿದ್ದಿತು. ಪತ್ರಿಕೆಯ ಕಡೆಯವರು ನ್ಯಾಯಾಲಯಕ್ಕೆ ಹೋದರು.

1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು: ಜೂಜು ವ್ಯಾಪಾರವಲ್ಲ, ವ್ಯಾಪಾರಕ್ಕೆ ಸಂವಿಧಾನ ನೀಡಿದ ರಕ್ಷಣೆ ಅದಕ್ಕಿಲ್ಲ. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಆ ತೀರ್ಪಿನಲ್ಲಿ ಮೇಲೆ ಹೇಳಿದ ಋಗ್ವೇದ ಸೂಕ್ತವನ್ನೇ ಸ್ಮರಿಸಿದ್ದಾರೆ. ಅಷ್ಟರಲ್ಲಿ ಕೇಂದ್ರವೂ 1955ರಲ್ಲಿ ಕಾಯಿದೆ ತಂದು, ಇಂಥ ಸ್ಪರ್ಧೆಗಳ ಬಹುಮಾನ ತಿಂಗಳಿಗೆ 1,000 ರೂಪಾಯಿಗಳನ್ನು ಮೀರಬಾರದೆಂದಿತ್ತು. ಬುದ್ಧಿಯ ಆಟದ ವೇಷ, ಗಡಿಯಾಚೆಯ ಒಡೆಯ, ಮನೆಬಾಗಿಲಿಗೇ ಬರುವ ಆಹ್ವಾನ. ಇಂದಿನ ಆ್ಯಪ್‌ಗಳಲ್ಲಿರುವ ಮೂರೂ ಅಂದು ಪದಬಂಧದಲ್ಲಿದ್ದವು. ಇಲ್ಲದಿದ್ದದ್ದು ವೇಗ.

ವೇಗದ ಕಥೆ ಲಾಟರಿಯದು. 1967ರಲ್ಲಿ ಕೇರಳ ಸರಕಾರ ಆರಂಭಿಸಿದ ಲಾಟರಿಯನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅನುಸರಿಸಿದವು. ಟಿಕೆಟು ಕೊಂಡವನು ಡ್ರಾ ಆಗುವವರೆಗೂ ಕಾಯಬೇಕಿತ್ತು. ಓಸಿ ಎಂದು ನಮ್ಮವರು ಕರೆಯುವ ಮಟ್ಕಾದಲ್ಲಿ ಆ ಕಾಯುವಿಕೆ ಕೆಲವೇ ಗಂಟೆಗಳಿಗಿಳಿಯಿತು. 2000ದ ನಂತರ ಅಂಗಡಿಗಳಲ್ಲಿ ಆನ್‌ಲೈನ್ ಲಾಟರಿಯ ಯಂತ್ರಗಳು ಬಂದಾಗ ದಿನಕ್ಕೆ ಹಲವು ಡ್ರಾಗಳಾದವು. ಕೂಲಿ ಪಡೆದ ಕೈ ಮನೆಗೆ ಬರಿದಾಗಿ ಮರಳುವುದನ್ನು ಕಂಡ ಹೆಂಗಸರ ಕಣ್ಣೀರು ನನಗಿನ್ನೂ ನೆನಪಿದೆ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಅಂಗಡಿಗಳು ಮುಚ್ಚಿದವು, ಏಕೆಂದರೆ ಮುಚ್ಚಲು ಅಂಗಡಿಗಳಿದ್ದವು.

ಮೊಬೈಲಿನಲ್ಲಿ ಕಾಯುವಿಕೆ ಪೂರ್ತಿ ಅಳಿಯಿತು. ಯುಪಿಐ ಬಂದ 2016ರ ನಂತರ ಹಣ ಕಟ್ಟುವುದಕ್ಕೂ ಕ್ಷಣ ಸಾಕು. ಕೈಯಿಂದ ನೋಟು ಬಿಟ್ಟುಕೊಡುವಾಗಿನ ಆ ಸಣ್ಣ ನೋವೂ ಇಲ್ಲ. ಸೇರಿದವನಿಗೆ ಉಡುಗೊರೆಯ ಹಣ, ಒಂದೆರಡು ದಿನ ಸುಮ್ಮನಿದ್ದವನಿಗೆ ಮತ್ತೆ ಕರೆ. ಸೋತದ್ದನ್ನು ಇಂದೇ ಮರಳಿ ಪಡೆಯುವೆನೆಂಬ ಹಟಕ್ಕೆ ಮಧ್ಯರಾತ್ರಿಯಲ್ಲೂ ಸಾಲ ಕೊಡುವ ಬೇರೊಂದು ಆ್ಯಪ್.

ಕಾನೂನು ಹಿಂದೆಯೇ ಓಡಿತು. ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಪೋಲೀಸ್ ಕಾಯಿದೆಗೆ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ಹಳೆಯ ಭೇದವೇ ಅಲ್ಲಿ ಮುಖ್ಯವಾಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಆ ಭೇದವನ್ನೇ ಬದಿಗಿರಿಸಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ, ಆತನನ್ನು ಅದು ಅಪರಾಧಿಯೆಂದಲ್ಲ, ನೊಂದವನೆಂದು ಕಂಡಿದೆ. ಇದು ನನಗೆ ಮೆಚ್ಚುಗೆಯಾಯಿತು. ಕಂಪನಿಗಳು ಈ ಕಾಯಿದೆಯನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಇನ್ನು ವಿದೇಶಗಳಿಂದ ನಡೆಯುವ ಬಾಜಿಯ ತಾಣಗಳೆಂದರೆ, ‘ಸ್ಪೋರ್ಟಿಂಗ್ ಸ್ಟಾರ್’ನ ಸಮಸ್ಯೆಯೇ ಸಮುದ್ರದಾಚೆಗೆ ಬೆಳೆದಂತೆ.

ನಮ್ಮ ಹಬ್ಬಗಳ ಹೌಸಿ, ಲಕ್ಕಿಡಿಪ್‌ಗಳ ಗತಿಯೇನು ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದದ್ದೇ. 1992ರ ಧರ್ಮೋಪದೇಶ ಗ್ರಂಥವು ಪಣದ ಆಟವನ್ನು ತನ್ನಷ್ಟಕ್ಕೆ ಅನ್ಯಾಯವೆನ್ನುವುದಿಲ್ಲ. ತನ್ನ ಮತ್ತು ಪರರ ಜೀವನಾವಶ್ಯಕತೆಯನ್ನು ಅದು ಕಸಿದಾಗ ಒಪ್ಪತಕ್ಕದ್ದಲ್ಲ, ಅದರ ಗೀಳು ದಾಸ್ಯವಾಗಬಲ್ಲದು ಎನ್ನುತ್ತದೆ. ಹೌಸಿ ಆಟ ಚರ್ಚಿನಂಗಳದಲ್ಲಿ ನಡೆಯುತ್ತದೆ, ಎಲ್ಲರೂ ನೋಡುತ್ತಿರುತ್ತಾರೆ, ಕತ್ತಲಾದೊಡನೆ ಮುಗಿಯುತ್ತದೆ. ಆದರೂ ಅದರ ಸಂಗ್ರಹವನ್ನು ಎಣಿಸುವಾಗ ಈಗೀಗ ನನ್ನ ಕೈ ತುಸು ಅಳುಕುತ್ತದೆ.

ಆ ತಾಯಿ ಅಂದು ಏಳುವ ಮುನ್ನ ಇನ್ನೊಂದು ಮಾತು ಹೇಳಿದ್ದರು. “ಹೊರಗೆಲ್ಲಾದರೂ ಹೋಗಿ ಆಡಿದ್ದರೆ, ಹುಡುಕಿಕೊಂಡು ಹೋಗಿ ಕೈಹಿಡಿದು ಕರೆತರುತ್ತಿದ್ದೆ, ಸ್ವಾಮಿ.” ಮಗಳ ಮದುವೆ ಎರಡು ವರ್ಷ ತಡವಾಗಿ ನಡೆಯಿತು. ಮಗ ಇನ್ನೂ ಸಾಲ ತೀರಿಸುತ್ತಿದ್ದಾನೆ.