ತವರಿಲ್ಲದ ಬಾಣಂತನ

ಮದ್ದೂರು ತಾಲ್ಲೂಕಿನ ನಮ್ಮ ಚಿಕ್ಕರಸಿನಕೆರೆಯ ಸೀಮೆಯಲ್ಲಿ ಚೊಚ್ಚಲ ಹೆರಿಗೆಯೆಂಬುದು ತವರಿನ ಹೊಣೆಯಾಗಿದ್ದಿತು. ಮಡಿಲಕ್ಕಿ ಕಟ್ಟಿಸಿಕೊಂಡು ಹುಟ್ಟಿದ ಮನೆಗೆ ಬಂದ ಮಗಳಿಗೆ ಸೂಲಗಿತ್ತಿಯ ಪಳಗಿದ ಕೈ, ಹಂಡೆಯ ಬಿಸಿನೀರು, ಸಾಂಬ್ರಾಣಿಯ ಹೊಗೆ, ಮೆಣಸು ಬೆಳ್ಳುಳ್ಳಿಯ ಸಾರು, ಇವೆಲ್ಲಕ್ಕೂ ಮಿಗಿಲಾಗಿ ಹೆತ್ತವಳ ಸಾನ್ನಿಧ್ಯ ಲಭಿಸುವುದೆಂಬ ಭರವಸೆಯೇ ಅರ್ಧ ವೇದನೆಯನ್ನು ಕಳೆಯುತ್ತಿದ್ದಿತು. ಈ ಭರವಸೆಯನ್ನು ಸಮುದ್ರದಾಚೆ ಬಿಟ್ಟು ನಮ್ಮ ನಾಡಿಗೆ ಬಂದು, ಇಲ್ಲಿಯೇ ಬಸುರಿಯರಾಗಿ, ಇಲ್ಲಿಯೇ ಹೆತ್ತ ಪಾದ್ರಿಗಳ ಪತ್ನಿಯರನ್ನು ಕುರಿತು ನಮ್ಮ ಚರಿತ್ರಕಾರರು ಬರೆದುದು ಅತ್ಯಲ್ಪ.

1869ರಲ್ಲಿ ಸೂಯೆಜ್ ಕಾಲುವೆ ತೆರೆಯುವುದಕ್ಕೆ ಮುಂಚೆ ಹಡಗುಗಳು ಆಫ್ರಿಕಾ ಖಂಡವನ್ನೇ ಬಳಸಿಕೊಂಡು ಬರಬೇಕಾಗಿದ್ದಿತು. ಮೊಮ್ಮಗು ಹುಟ್ಟಿತೆಂಬ ಸುದ್ದಿ ಇಂಗ್ಲೆಂಡಿನ ಅಜ್ಜಿಯನ್ನು ಮುಟ್ಟುವ ವೇಳೆಗೆ ಆ ಕೂಸಿಗೆ ವಾರಗಳೋ ತಿಂಗಳುಗಳೋ ತುಂಬಿರುತ್ತಿದ್ದುವು. ತಾಯಿಯನ್ನು ಕೇಳಿ ತಿಳಿಯಬೇಕಾದ ಮಾತನ್ನು ಕೇಳುವ ಬಗೆಯೇ ಇರಲಿಲ್ಲ. ಕಲಿಯುತ್ತಿದ್ದ ಅರೆಬರೆ ಕನ್ನಡದಲ್ಲಿ ಆಯಾಳಿಗೆ ಹೇಳಿ, ಅವಳ ಅನುಭವದಲ್ಲಿ ನಂಬಿಕೆಯಿಡಬೇಕಾಗಿದ್ದಿತು.

ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ದಂಪತಿಗಳು ಬೆಂಗಳೂರಿಗೆ ಬಂದು ನೆಲೆಸಿದ ಹೊಸದರಲ್ಲಿಯೇ, 1837ರ ಜುಲೈ 17ರಂದು, ಅವರಿಗೆ ಗಂಡುಮಗುವೊಂದು ಜನಿಸಿತು. ಆತನೇ ಬೆಂಜಮಿನ್ ಲೂಯಿ ರೈಸ್. 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ, ಅನಂತರ ವಿದ್ಯಾಇಲಾಖೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿದ ಈ ಮಹನೀಯರು ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೆಯೂ ಓದುವವರಿಲ್ಲದೆ ನಿಂತಿದ್ದ ಕಲ್ಲುಗಳನ್ನು ಓದಿಸಿ, 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಮಾಲೆಯಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದರು. ಅದರ ಮೂರನೆಯ ಸಂಪುಟ, 1894ರಲ್ಲಿ ಅಚ್ಚಾದುದು, ಮಂಡ್ಯ ಮಳವಳ್ಳಿಗಳನ್ನೂ ಒಳಗೊಂಡುದು. ಇಂದು ಮದ್ದೂರು ತಾಲ್ಲೂಕಿಗೆ ಸೇರಿದ, ಚಿಕ್ಕರಸಿನಕೆರೆಯವರಿಗೆ ನೆರೆಯೂರೇ ಆದ ಆತಕೂರಿನ ಶಾಸನವು ಅಲ್ಲಿ ಮಂಡ್ಯ ತಾಲ್ಲೂಕಿನ ಸಾಲಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ವೃತ್ತಾಂತದೊಡನೆ, ಗಂಗ ಬೂತುಗನ ಭಟನಾದ ಮಣಲೇರನು ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತ ಕಥೆಯನ್ನು ಹೇಳುವ ಕಲ್ಲು ಅದು. ಹತ್ತನೆಯ ಶತಮಾನದ ಒಂದು ನಾಯಿಯನ್ನು ನಾವು ಇಂದು ಹೆಸರಿನಿಂದ ಬಲ್ಲೆವು. ಆ ಹೆಸರನ್ನು ಜಗತ್ತಿಗೆ ಓದಿ ಹೇಳಿದವರಲ್ಲೊಬ್ಬರಿಗೆ ಬೆಂಗಳೂರೇ ಜನ್ಮಭೂಮಿಯಾಗಿದ್ದಿತೆಂಬುದನ್ನು ನೆನೆದಾಗ, ಅಂದಿನ ಆ ಪ್ರಸವಗೃಹದ ಋಣವು ನಮ್ಮ ಸೀಮೆಯ ಮೇಲೂ ಇದೆಯೆಂದು ನಾನು ಭಾವಿಸುತ್ತೇನೆ.

ಪಶ್ಚಿಮ ಕರಾವಳಿಯಲ್ಲಿಯೂ ಧಾರವಾಡದ ಕಡೆಯಲ್ಲಿಯೂ ಬೀಡುಬಿಟ್ಟಿದ್ದ ಬಾಸೆಲ್ ಮಿಷನ್ನಿನವರ ಕಟ್ಟಳೆ ಇನ್ನೂ ಕಠಿಣವಾಗಿದ್ದಿತು. ಪಾದ್ರಿಯ ವಿವಾಹಕ್ಕೆ ಬಾಸೆಲಿನ ಸಮಿತಿಯ ಅನುಮತಿ ಬೇಕಾಗಿದ್ದಿತು. ವರನ ಮುಖವನ್ನೇ ಸರಿಯಾಗಿ ಕಾಣದ ಕನ್ಯೆಯರು ಎಷ್ಟೋ ಮಂದಿ ಹಡಗು ಹತ್ತಿ ಬಂದರು. ಹೆತ್ತ ಮೇಲೆಯೂ ಮಗು ತಾಯಿಯ ಬಳಿ ಬಹುಕಾಲ ಇರುವಂತಿರಲಿಲ್ಲ. 1853ರ ನಿಯಮದಂತೆ, ಶಾಲೆಗೆ ಸೇರುವ ವಯಸ್ಸು ಬರುತ್ತಲೇ ಮಕ್ಕಳನ್ನು ಯೂರೋಪಿಗೆ ಕಳುಹಿಸಬೇಕಾಗಿದ್ದಿತು. ಅವರಿಗಾಗಿ ಬಾಸೆಲಿನಲ್ಲಿ ಪ್ರತ್ಯೇಕ ಮಕ್ಕಳ ಮನೆಯೂ ಏರ್ಪಟ್ಟಿತು. ಜ್ವರ, ಭೇದಿಗಳಿಂದ ಎಳೆಯ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ಈ ಏರ್ಪಾಡಿಗೆ ಕಾರಣಗಳಿರಲಿಲ್ಲವೆನ್ನಲಾರೆ; ಆದರೂ ಆರು ವರ್ಷದ ಕೂಸನ್ನು ಮತ್ತೆ ಕಾಣುವೆನೋ ಇಲ್ಲವೋ ಎಂಬ ಶಂಕೆಯಲ್ಲಿಯೇ ಹಡಗಿಗೆ ಹತ್ತಿಸಿದ ತಾಯ್ತಂದೆಯರ ಸಂಕಟವನ್ನು ಯಾವ ಧರ್ಮಕಾರ್ಯದ ಹಿರಿಮೆಯೂ ನೀಗಿಸಲಾರದು. ಮಲಯಾಳದ ನಿಘಂಟುಕಾರರಾದ ಹರ್ಮನ್ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಚೇರಿಯಲ್ಲಿ ಜನಿಸಿದಳು. ಆ ನಿಯಮ ಬರುವುದಕ್ಕೂ ಮೊದಲೇ, ಎಳೆತನದಲ್ಲಿಯೇ ಯೂರೋಪಿನಲ್ಲಿ ಉಳಿಸಲ್ಪಟ್ಟ ಆಕೆ ತಂದೆಯ ಬಳಿಗೆ ಮರಳಿದುದು 1857ರಲ್ಲಿ, ಹದಿನೈದು ವರ್ಷದ ತರುಣಿಯಾಗಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ಮೇರಿಯ ಮಗ.

ನಮ್ಮ ನಿಘಂಟುಕಾರರಾದ ಕಿಟ್ಟೆಲರ ಮನೆಯಲ್ಲಿಯೂ ಶೋಕ ತಪ್ಪಲಿಲ್ಲ. 1860ರಲ್ಲಿ ಕೈಹಿಡಿದ ಪೌಲೀನಳು 1864ರಲ್ಲಿಯೇ ತೀರಿಕೊಂಡಳು. ಬಳಿಕ ಅವಳ ತಂಗಿ ಜೂಲಿಯು ಆ ಮನೆಯನ್ನು ತುಂಬಿದಳು. ಕನ್ನಡ ಬೈಬಲಿನ ಅನುವಾದಕ್ಕೆ ದುಡಿದ ವೈಗ್ಲೆಯವರು 1855ರಲ್ಲಿ ಕಾಲವಾದಾಗ, ಅವರ ವಿಧವೆಯ ಕೈಹಿಡಿದು ಮಕ್ಕಳಿಗೂ ಆಸರೆಯಾದವರು 'ಮಂಗಳೂರ ಸಮಾಚಾರ' ಪತ್ರಿಕೆಯ ಮೋಗ್ಲಿಂಗರು. ಆ ಪತ್ನಿಯ ಆರೋಗ್ಯ ಕೆಟ್ಟುದೇ 1860ರಲ್ಲಿ ಮೋಗ್ಲಿಂಗರು ಈ ನಾಡನ್ನು ತೊರೆಯಲು ಕಾರಣವಾಯಿತು.

ಪರದೇಶದ ಈ ಬಾಣಂತಿಯರ ಕಷ್ಟವನ್ನು ಮಿಷನ್ನಿನ ಮನೆಗಳು ಒಳಗಿನಿಂದಲೇ ಬಲ್ಲವಾಗಿದ್ದುವು. ಹೆಂಗಸರು ಮತ್ತು ಮಕ್ಕಳಿಗೆಂದೇ ಆಸ್ಪತ್ರೆ ಕಟ್ಟುವ ಸಂಕಲ್ಪಕ್ಕೆ ಆ ಅರಿವೂ ಬೆಂಬಲವಾಗಿದ್ದಿರಬೇಕೆಂದು ನನ್ನ ನಂಬಿಕೆ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅಂಥದು. ಮಿಷನ್ ಆಸ್ಪತ್ರೆಯೆಂದು ಜನರು ಕರೆಯುವ ಆ ಆಸ್ಪತ್ರೆಗೆ ಹೆರಿಗೆಗಾಗಿ ಬಂದವರು ಈ ನಾಡಿನ ಹೆಣ್ಣುಮಕ್ಕಳೇ.