ಹಕ್ಕಲು, ನುಲಿ, ಹಾಸುಹೊಕ್ಕು: ವಚನಗಳಿಗೆ ಹಳ್ಳಿಯ ಟೀಕೆ



12ನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವವು ಕನ್ನಡದಲ್ಲಿ ಮಾತನಾಡಿತೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ಯಾರ ಕನ್ನಡವೆಂದು ವಿಚಾರಿಸುವುದು ಮಾತ್ರ ವಿರಳ. ನೇಯುವವರು, ಹಗ್ಗ ಹೊಸೆಯುವವರು, ಕುಟ್ಟುವವರು, ದೋಣಿ ನಡೆಸುವವರು ದಿನನಿತ್ಯ ಆಡುತ್ತಿದ್ದ ಮಾತು ಅದು. ಷಟ್‌ಸ್ಥಲ, ಅಂಗ, ಲಿಂಗ ಮುಂತಾದ ಪಾರಿಭಾಷಿಕ ಪದಗಳಿಗೆ ಟೀಕಾಕಾರರು ಪುಟಗಟ್ಟಲೆ ವಿವರಣೆ ಬರೆದರು. ಕಾಯಕದ ಪದಗಳನ್ನು ಎಲ್ಲರೂ ಬಲ್ಲರೆಂದು ಹಾಗೆಯೇ ಬಿಟ್ಟರು. ಅವರ ಕಾಲಕ್ಕೆ ಅದು ಸರಿಯೇ. ಇಂದು ಆ ಪದಗಳ ಅರ್ಥವನ್ನು ಕಾಯ್ದುಕೊಂಡಿರುವುದು ಹೆಚ್ಚಾಗಿ ಉತ್ತರ ಕರ್ನಾಟಕದ ಹಳ್ಳಿಗಳ ಆಡುನುಡಿ.

ಆಯ್ದಕ್ಕಿ ಮಾರಯ್ಯ ಹಾಗೂ ಲಕ್ಕಮ್ಮ ದಂಪತಿಗಳನ್ನೇ ತೆಗೆದುಕೊಳ್ಳೋಣ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರದು ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವ ಕಾಯಕ. ಓದುಬಲ್ಲವರು ಕೆಲವರು ಇದನ್ನು ಭಿಕ್ಷೆಗೆ ಹತ್ತಿರದ ವೃತ್ತಿಯೆಂದು ಭಾವಿಸುವುದುಂಟು. ಹೊಲದ ಮಾತು ಬಲ್ಲವರು ಹಾಗೆ ಭಾವಿಸಲಾರರು. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಬಳಿಕ ಹೆಣ್ಣುಮಕ್ಕಳು ಎಲ್ಲಿ ಹೋದರೆಂದು ಕೇಳಿದರೆ “ಹಕ್ಕಲಾ ಆರಸಾಕ ಹೋಗ್ಯಾರ” ಎಂಬ ಉತ್ತರ ಬರುತ್ತದೆ. ಹಕ್ಕಲು ಎಂದರೆ ಕೊಯ್ಲಾದ ಹೊಲದಲ್ಲಿ ಬಿದ್ದು ಉಳಿದ ತೆನೆ, ಕಾಳು. ಬರೆದಿಡದ ನೇಮವೊಂದು ಇದಕ್ಕಿದೆ. ಒಡೆಯನು ತನ್ನ ಬೆಳೆ ಒಯ್ದ ಮೇಲೆಯೇ ಹೊಲಕ್ಕೆ ಕಾಲಿಡಬೇಕು. ನಿಂತ ದಂಟನ್ನೂ ಕೂಡಿಟ್ಟ ರಾಶಿಯನ್ನೂ ಮುಟ್ಟಬಾರದು. ಬಾಗಿ ಬಾಗಿ ಒಂದೊಂದನ್ನೇ ಆರಿಸಿಕೊಳ್ಳಬೇಕು. ಬೇಡುವುದಿಲ್ಲ, ಕದಿಯುವುದೂ ಇಲ್ಲ. ಬೆನ್ನಿನ ದುಡಿಮೆಯಿಂದ ಬಂದ ಹಕ್ಕಿನ ಕಾಳು ಅದು.

ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದರೆಂದೂ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರೆಂದೂ ಪ್ರಸಿದ್ಧಿ. ಹಕ್ಕಲಿನ ನೇಮ ತಿಳಿದವರಿಗೆ ಆ ತಾಯಿಯ ಕೋಪ ತಟ್ಟನೆ ಅರ್ಥವಾಗುತ್ತದೆ. ಆರಿಸಿದ್ದು ರಾಶಿಯಾಯಿತೆಂದರೆ ಅದು ಹಕ್ಕಲಾಗಿ ಉಳಿಯುವುದಿಲ್ಲ. ಅವರು ಆಯ್ದದ್ದು ಹೊಲದಲ್ಲಲ್ಲ, ಅಂಗಳದಲ್ಲಿ ಎಂದು ಯಾರಾದರೂ ಆಕ್ಷೇಪಿಸಬಹುದು. ನೆಲ ಬೇರೆಯಾದರೂ ನೇಮ ಅದೇ.

ನುಲಿಯ ಚಂದಯ್ಯನವರ ಹೆಸರಿನ ನುಲಿ ಎಂದರೇನೆಂದು ಕೇಳುವ ತರುಣರು ಈಗ ಬಹಳ. ಹುಲ್ಲನ್ನು ಹುರಿಗೊಳಿಸಿ ಮಾಡಿದ ಹಗ್ಗವದು. ಹೊಟ್ಟೆನೋವು ಬಂದವನು “ಹೊಟ್ಟಿ ನುಲಸಾಕ ಹತ್ತೇತಿ” ಎನ್ನುವಾಗ ಆ ಪದವನ್ನೇ ಬಳಸುತ್ತಾನೆ, ಚಂದಯ್ಯನವರ ನೆನಪಿಲ್ಲದೆ! ಕೊಟ್ಟಣದ ಸೋಮವ್ವೆಯವರ ಕೊಟ್ಟಣವಂತೂ ಒನಕೆ ಒರಳುಗಳೊಡನೆ ಅಟ್ಟ ಸೇರಿದೆ. ಬಸವಣ್ಣನವರಿಗಿಂತ ಹಿಂದಿನವರಾದ ಮುದನೂರಿನ ಜೇಡರ ದಾಸಿಮಯ್ಯನವರು ನೇಕಾರರು; ಜೇಡ ಎಂದರೆ ಈಗಿನ ಮಕ್ಕಳಿಗೆ ಬಲೆ ನೇಯುವ ಹುಳ ಮಾತ್ರ. “ಹಾಸುಹೊಕ್ಕಾಗಿದೆ” ಎಂದು ನಾವು ಭಾಷಣಗಳಲ್ಲಿ ಧಾರಾಳವಾಗಿ ಹೇಳುತ್ತೇವೆ. ಹಾಸು ಉದ್ದಕ್ಕೆ ಎಳೆದ ನೂಲು, ಹೊಕ್ಕು ಲಾಳಿಯೊಡನೆ ಅಡ್ಡಕ್ಕೆ ಸೇರುವ ನೂಲು ಎಂದು ಇಳಕಲ್ಲಿನ ಅಥವಾ ಗುಳೇದಗುಡ್ಡದ ಮಗ್ಗದ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತೀರಿಕೊಂಡವರನ್ನು ಲಿಂಗೈಕ್ಯರಾದರೆನ್ನುವುದು, ಮಠದ ಊಟವನ್ನು ಪ್ರಸಾದವೆನ್ನುವುದು, ಎದುರಾದವರಿಗೆ ಶರಣೆನ್ನುವುದು ನಮ್ಮಲ್ಲಿ ಇನ್ನೂ ರೂಢಿಯಲ್ಲಿವೆ. ಮಠ ಇರುವವರೆಗೆ ಇವುಗಳ ಚಿಂತೆಯಿಲ್ಲ. ಹೊಲ, ಮಗ್ಗ, ಒರಳುಗಳ ಪದಗಳಿಗೆ ಅಂಥ ಆಸರೆ ಇಲ್ಲ.

ಫ. ಗು. ಹಳಕಟ್ಟಿಯವರು (1880–1964) ಮನೆಮನೆಗಳ ಜಗುಲಿಯಲ್ಲಿದ್ದ ತಾಳೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಹೀಗೆ ಓಲೆಯಲ್ಲಿದ್ದದ್ದು ಉಳಿಯಿತು. ಬಾಯಲ್ಲಿದ್ದದ್ದಕ್ಕೆ ಓಲೆಯೆಲ್ಲಿ? ಅಮರೇಶ್ವರಕ್ಕೆ ನೆರೆಯ ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಈಗ ಕೊಯ್ಯುವುದೂ ಒಕ್ಕುವುದೂ ಯಂತ್ರ; ಅದು ಹಾದುಹೋದ ನೆಲದಲ್ಲಿ ಆರಿಸಿಕೊಳ್ಳಲು ಇಡೀ ತೆನೆ ಸಿಗುವುದು ಅಪರೂಪ. ಕೈಯಿಂದ ಜೋಳ ಕಿತ್ತು ತೆನೆ ಮುರಿಯುವ ಎರೆಹೊಲಗಳಲ್ಲಿ ಮಾತ್ರ ಹಕ್ಕಲು ಇನ್ನೂ ಕೇಳಿಬರುತ್ತದೆ.

ತಮ್ಮ ಊರುಗಳಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ, ಮನೆಯ ಹಿರಿಯ ತಾಯಂದಿರನ್ನು ಕೇಳಿ, ಅವರು ಆಡಿದಂತೆಯೇ ಬರೆದು ಶ್ರೀಮಠಕ್ಕೆ ತಲುಪಿಸಬೇಕೆಂದು ಕೋರುತ್ತೇವೆ.